ಪರದೇಶದ ಯುದ್ಧ, ನಮ್ಮೂರಿನ ಠರಾವು

2022ರ ಫೆಬ್ರವರಿ 27ರ ಭಾನುವಾರ ಸಂಜೆ ಆರತಿ ಮುಗಿದ ಬಳಿಕ ವಿಜಯಪುರದ ನಮ್ಮ ಬಸದಿಯ ಸಭಾಮಂಟಪದಲ್ಲಿ ವಿಶ್ವಸ್ತ ಮಂಡಳಿಯ ಸಭೆ ಸೇರಿತ್ತು. ಮಹಾವೀರ ಜಯಂತಿಯ ಮೆರವಣಿಗೆ ಯಾವ ಮಾರ್ಗವಾಗಿ ಸಾಗಬೇಕು, ಪಾಠಶಾಲೆಯ ಮಕ್ಕಳಿಗೆ ಪುಸ್ತಕಗಳನ್ನು ಯಾರು ಕೊಡಿಸಬೇಕು ಎಂಬ ಎರಡೇ ವಿಷಯಗಳು ಅಂದಿನ ಕಾರ್ಯಸೂಚಿಯಲ್ಲಿದ್ದವು. ಅವು ಬೇಗನೆ ಮುಗಿದವು. ಎಲ್ಲರೂ ಏಳುವ ಹೊತ್ತಿಗೆ ತರುಣ ಶ್ರಾವಕನೊಬ್ಬ ಎದ್ದು ನಿಂತು, ಉಕ್ರೇನಿನ ಮೇಲೆ ರಷ್ಯದ ಸೈನ್ಯ ನುಗ್ಗಿ ಮೂರು ದಿನಗಳಾದವು, ಅಹಿಂಸೆಯೇ ಪರಮಧರ್ಮವೆಂದು ನಿತ್ಯವೂ ಹೇಳುವ ನಾವು ಸುಮ್ಮನೆ ಕುಳಿತಿರುವುದು ಸರಿಯೇ ಎಂದು ಕೇಳಿದ. ನಮ್ಮ ಮಹಾನಗರ ಪಾಲಿಕೆಯು ಆ ಯುದ್ಧವನ್ನು ಖಂಡಿಸಿ ಅಧಿಕೃತವಾಗಿ ಠರಾವು ಮಾಡಬೇಕು, ಅದಕ್ಕೆ ಬೇಕಾದ ಮನವಿಯನ್ನು ನಮ್ಮ ಬಸದಿಯ ವತಿಯಿಂದಲೇ ಸಲ್ಲಿಸಬೇಕು ಎಂಬುದು ಅವನ ಸೂಚನೆ. ಬೇಡವೆನ್ನುವವರು ಯಾರೂ ಇರಲಿಲ್ಲ. ಮಂಡಳಿಯ ಪತ್ರವ್ಯವಹಾರವನ್ನು ಹಲವು ವರ್ಷಗಳಿಂದ ನೋಡಿಕೊಂಡು ಬಂದಿರುವ ನನ್ನ ಪಾಲಿಗೆ ಬರವಣಿಗೆಯ ಕೆಲಸ ಬಂದಿತು.

ಪಾಲಿಕೆಗೆ ಮನವಿ ಬರೆಯುವುದು ನನಗೆ ಹೊಸದೇನಲ್ಲ. ಮಹಾವೀರ ಜಯಂತಿಯಂದು ಕಸಾಯಿಖಾನೆಗಳನ್ನು ಮುಚ್ಚಿಸುವ ಕುರಿತು, ಮುನಿಸಂಘವು ನಗರಕ್ಕೆ ವಿಹಾರ ಬಂದಾಗ ಬೀದಿಗಳ ಸ್ವಚ್ಛತೆಯ ಕುರಿತು ಬರೆದು ಬರೆದು ಕೈ ಪಳಗಿದೆ. ಆ ರಾತ್ರಿ ಒಂದೇ ಓಟದಲ್ಲಿ ಒಂದೂವರೆ ಪುಟ ಬರೆದೆ. ಭಗವಾನ್ ಮಹಾವೀರರ ಸಂದೇಶ, ಗಾಂಧೀಜಿಯವರ ಸ್ಮರಣೆ, ಭರತ-ಬಾಹುಬಲಿಯರ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳ ಪ್ರಸ್ತಾಪ, ಕೊನೆಗೆ "ತೀವ್ರವಾಗಿ ಖಂಡಿಸುತ್ತದೆ" ಎಂಬ ಪದ. ಓದಿ ನೋಡಿದಾಗ ನನಗೇ ಸಂತೋಷವಾಯಿತು.

ಮರುದಿನ ಬೆಳಿಗ್ಗೆ ಲಕೋಟೆಯ ಮೇಲೆ ವಿಳಾಸ ಬರೆಯುವಾಗ ಒಂದು ಸಂಗತಿ ಹೊಳೆಯಿತು. ಅಂದು ನಮ್ಮ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ! ಹಿಂದಿನ ಸದಸ್ಯರ ಅವಧಿ ಮುಗಿದಿತ್ತು, ಕಾರಭಾರವೆಲ್ಲ ಆಡಳಿತಾಧಿಕಾರಿಗಳ ಕೈಯಲ್ಲಿತ್ತು. ಪಾಲಿಕೆಯ 35 ವಾರ್ಡುಗಳಿಗೆ ಚುನಾವಣೆ ನಡೆದದ್ದು 2022ರ ಅಕ್ಟೋಬರ್ 28ರಂದು. ಗೆದ್ದವರು ಕೂಡಿ ಮಹಾಪೌರರನ್ನು ಆರಿಸಿದ್ದು 2024ರ ಜನವರಿಯಲ್ಲಿ. ಎಂದರೆ ಪರದೇಶದ ಯುದ್ಧದ ಬಗ್ಗೆ ವಿಜಯಪುರದ ಅಭಿಪ್ರಾಯವೇನೆಂದು ಹೇಳುವುದಕ್ಕೆ ವಿಜಯಪುರಕ್ಕೆ ಆಗ ಬಾಯಿಯೇ ಇರಲಿಲ್ಲ. ನಮ್ಮ ಸಭೆಯಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರಿಗೂ, ನನ್ನನ್ನೂ ಸೇರಿಸಿ, ಮನೆಯ ಬಾಗಿಲಲ್ಲಿದ್ದ ಈ ಕೊರತೆ ನೆನಪಾಗಿರಲಿಲ್ಲ. ಲಕೋಟೆಯನ್ನು ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿಟ್ಟೆ.

ನನ್ನ ಅಕ್ಕನ ಮನೆ ಬಬಲೇಶ್ವರದಲ್ಲಿ. ಅವಳ ಮೊಮ್ಮಗ ಖಾರ್ಕಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ. ಮಾರ್ಚ್ 1, ಮಹಾಶಿವರಾತ್ರಿಯ ದಿನ, ಜಮಖಂಡಿ ರಸ್ತೆಯ ಬಸ್ಸು ಹಿಡಿದು ಅವಳ ಬಳಿಗೆ ಹೋದೆ. ನಾನು ಮುಟ್ಟುವಷ್ಟರಲ್ಲಿ ದೂರದರ್ಶನದಲ್ಲಿ ಆ ಸುದ್ದಿ ಬಂದಾಗಿತ್ತು: ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿಯೊಬ್ಬ ಅದೇ ಖಾರ್ಕಿವ್‌ನಲ್ಲಿ ಆಹಾರ ತರಲು ಹೊರಬಿದ್ದು ದಾಳಿಯಲ್ಲಿ ತೀರಿಕೊಂಡಿದ್ದ. ಅಕ್ಕನ ಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ. ಓಣಿಯ ಹೆಂಗಸರು ಪಡಸಾಲೆಯಲ್ಲಿ ಸುಮ್ಮನೆ ಕುಳಿತಿದ್ದರು. ಹುಡುಗನ ಫೋನು ರಾತ್ರಿಯಿಂದ ಹತ್ತಿರಲಿಲ್ಲ.

ಏನಾದರೂ ಮಾತಾಡಬೇಕಲ್ಲ ಎಂದು ನಾನು ಬರೆದ ಮನವಿಯ ವಿಷಯ ತೆಗೆದೆ. ಅವಳು ಓದಿ ಹೇಳು ಎಂದಳು. ಕಿಸೆಯಲ್ಲಿದ್ದ ಪ್ರತಿಯನ್ನು ಓದಿದೆ. ಪೂರ್ತಿ ಕೇಳಿಸಿಕೊಂಡು ಅವಳು ಕೇಳಿದ್ದು ಎರಡೇ ಪ್ರಶ್ನೆ.

"ಇದನ್ನ ಓದಿ ಅವರು ಗುಂಡ ಹಾಕೂದು ಬಿಡ್ತಾರೇನು?"

"ಬಿಡೂದಿಲ್ಲ ಅಕ್ಕಾ."

"ಮತ್ತ ಯಾರಿಗಂತ ಬರದೀದಿ ತಮ್ಮಾ?"

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದ್ದಳು. ನನ್ನ ಬಳಿ ಉತ್ತರವಿರಲಿಲ್ಲ.

ಹುಡುಗ ಬದುಕಿ ಬಂದ. ನೆಲಮಾಳಿಗೆಯಿಂದ ರೈಲು ನಿಲ್ದಾಣಕ್ಕೆ, ಅಲ್ಲಿಂದ ಪಶ್ಚಿಮದ ಗಡಿ ದಾಟಿ ಪೋಲೆಂಡಿಗೆ, ಅಲ್ಲಿಂದ ಭಾರತ ಸರ್ಕಾರ ಆಪರೇಷನ್ ಗಂಗಾ ಎಂಬ ಹೆಸರಿನಲ್ಲಿ ಕಳಿಸಿದ್ದ ವಿಮಾನದಲ್ಲಿ ದೆಹಲಿಗೆ. ಊರಿಗೆ ಬಂದ ಮೇಲೆ ಅವನು ಹೇಳಿದ ಸಂಗತಿಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ನಿಂತಿದೆ. ಆ ನಗರದ ಭೂಗತ ರೈಲು ನಿಲ್ದಾಣಗಳನ್ನು ಜನರ ಆಶ್ರಯಕ್ಕೆಂದು ತೆರೆದಿಟ್ಟಿದ್ದರಂತೆ. ಶೆಲ್ಲಿನ ಸದ್ದಿನ ನಡುವೆಯೇ ನಗರದ ನೌಕರರು ಒಡೆದ ನೀರಿನ ಕೊಳವೆಗಳನ್ನು ಜೋಡಿಸುತ್ತಿದ್ದರಂತೆ. "ಅಜ್ಜಾ, ನಳದಾಗ ನೀರು ಬಂದ ದಿನ ಎಲ್ಲಾರೂ ಅತ್ತುಬಿಟ್ರು" ಎಂದ. ಯುದ್ಧಕಾಲದಲ್ಲಿ ಒಂದು ನಗರಾಡಳಿತ ಎಂಥ ಮಾತನ್ನಾಡಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಈವರೆಗೆ ಕೇಳಿಲ್ಲ.

ಇನ್ನು ಹೇಳಬೇಕಾದದ್ದು ಹೇಳಲು ಕಷ್ಟವಾದದ್ದು.

ನನ್ನದು ಎಣ್ಣೆಯ ವ್ಯಾಪಾರ. ತಂದೆಯವರ ಕಾಲಕ್ಕೆ ಗಾಣದ ಕುಸುಬಿ ಎಣ್ಣೆ ಮಾರುತ್ತಿದ್ದೆವು. ಈ ಭಾಗದ ಎರೆಹೊಲಗಳಲ್ಲಿ ಕುಸುಬಿ ಬೆಳೆಯದ ರೈತನಿರಲಿಲ್ಲ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಹೋಗುವುದು ಸೂರ್ಯಕಾಂತಿ ಎಣ್ಣೆಯ ಡಬ್ಬಿಗಳು. ನಮ್ಮ ದೇಶಕ್ಕೆ ಹೊರಗಿನಿಂದ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನಿನದು, ಉಳಿದದ್ದರಲ್ಲಿ ದೊಡ್ಡ ಪಾಲು ರಷ್ಯದ್ದು ಎಂಬುದು ಯುದ್ಧ ಆರಂಭವಾದ ವಾರದಲ್ಲಿ ಎಲ್ಲರಿಗೂ ತಿಳಿಯಿತು. ವ್ಯಾಪಾರಿಗಳಾದ ನಮಗೆ ಒಂದು ದಿನ ಮೊದಲೇ ತಿಳಿದಿತ್ತು. ನನ್ನ ಗೋದಾಮಿನಲ್ಲಿ ಆಗ 140 ಡಬ್ಬಿಗಳ ದಾಸ್ತಾನಿತ್ತು. ಹತ್ತು ದಿನಗಳೊಳಗೆ ಡಬ್ಬಿಯೊಂದಕ್ಕೆ 400 ರೂಪಾಯಿಗಳಿಗೂ ಹೆಚ್ಚು ಏರಿತು. ನಾನು ಕೊಂಡದ್ದು ಹಳೆಯ ದರದಲ್ಲಿ, ಮಾರಿದ್ದು ಹೊಸ ದರದಲ್ಲಿ.

ಇದರಲ್ಲಿ ಕಾಯಿದೆಯ ತಪ್ಪೇನೂ ಇಲ್ಲ. ಬಜಾರಿನ ದರಕ್ಕೆ ಎಲ್ಲರೂ ಮಾರಿದರು, ನಾನೂ ಮಾರಿದೆ. ಆದರೆ ಮನವಿಯನ್ನು ಎರಡನೆಯ ಬಾರಿ ಶುದ್ಧಪ್ರತಿ ಮಾಡುತ್ತ ಗಲ್ಲೆಯ ಮೇಲೆ ಕುಳಿತಿದ್ದಾಗ ಅಂಗಡಿಯ ಹುಡುಗ ಬಂದು "ಇವತ್ತಿಗೆ ರೇಟ್ ಏನ್ ಹೇಳ್ಲಿರಿ?" ಎಂದು ಕೇಳಿದ. ತಲೆಯೆತ್ತದೆ ಹೊಸ ರೇಟು ಹೇಳಿದೆ. ಹೇಳಿ, ಮತ್ತೆ ಕೆಳಗೆ ನೋಡಿದರೆ ಲೇಖನಿಯ ತುದಿ "ಖಂಡಿಸುತ್ತದೆ" ಎಂಬ ಪದದ ಮೇಲಿತ್ತು.

ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳನ್ನು ನಾವು ಪಾಠಶಾಲೆಯಲ್ಲಿಯೇ ಕಲಿತಿದ್ದೇವೆ: ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು. ಆ ಯುದ್ಧವನ್ನು ನಾನು ಮಾಡಲಿಲ್ಲ, ಮಾಡಿಸಲಿಲ್ಲ. ಒಪ್ಪಿದೆನೇ? ಮಾತಿನಲ್ಲಿ ಇಲ್ಲ. ಆದರೆ ಆ ಹತ್ತು ದಿನಗಳಲ್ಲಿ ಒಂದು ಮುಂಜಾನೆ, ಯುದ್ಧ ಇನ್ನೂ ಒಂದು ತಿಂಗಳು ನಡೆಯುತ್ತದಂತೆ ಎಂಬ ಸುದ್ದಿ ಕೇಳಿ ಮನಸ್ಸು ಒಂದು ಕ್ಷಣ ಹಗುರಾಯಿತು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಆ ಲಾಭವನ್ನು ದಾನ ಮಾಡಿದೆನೆಂದು ಬರೆದರೆ ಲೇಖನ ಚೆನ್ನಾಗಿ ಕಾಣುತ್ತಿತ್ತು. ಮಾಡಲಿಲ್ಲ. ಜೂನಿನ ಬಳಿಕ ದರ ಇಳಿಯಿತು, ಹೊಸ ದಾಸ್ತಾನಿನಲ್ಲಿ ನಷ್ಟವೂ ಆಯಿತು. ಅಲ್ಲಿಗೆ ಲೆಕ್ಕ ಸರಿಹೋಯಿತೆಂದು ನನ್ನ ಮಗ ಹೇಳುತ್ತಾನೆ. ಕಿರ್ದಿಯ ಲೆಕ್ಕವಂತೂ ಸರಿಹೋಯಿತು.

"ನಿಂದೆ" ಎಂಬ ಪದವನ್ನು ಕುರಿತು ಎರಡು ಮಾತು ಹೇಳಬೇಕು. ಅಮೆರಿಕವು ಇರಾಕಿನ ಮೇಲೆ ಯುದ್ಧ ಹೂಡಿದಾಗ, 2003ರ ಏಪ್ರಿಲ್ 8ರಂದು, ನಮ್ಮ ಲೋಕಸಭೆ ಒಂದು ಗೊತ್ತುವಳಿಯನ್ನು ಅಂಗೀಕರಿಸಿತು. ಅದರ ಹಿಂದಿ ಪಾಠದಲ್ಲಿದ್ದ ಪದ "ನಿಂದಾ". ಅದನ್ನು ಇಂಗ್ಲಿಷಿನಲ್ಲಿ ಎಷ್ಟು ಕಟುವಾಗಿ ಹೇಳಬೇಕೆಂಬ ಬಗ್ಗೆ ಪಕ್ಷಗಳ ನಡುವೆ ಸಾಕಷ್ಟು ಎಳೆದಾಟ ನಡೆಯಿತು. ಲೋಕಸಭೆಗೆ ಆ ಅಧಿಕಾರ ಉಂಟು. ವಿದೇಶ ವ್ಯವಹಾರವೂ ಯುದ್ಧ-ಶಾಂತಿಗಳೂ ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರಪಟ್ಟಿಯಲ್ಲಿವೆ. ನನ್ನ ಗಮನ ಹೋದದ್ದು ಪದದ ಕಡೆಗೆ. ನಮ್ಮ ಪ್ರತಿಕ್ರಮಣದಲ್ಲಿಯೂ ನಿಂದೆ ಇದೆ, ಗರ್ಹೆ ಇದೆ. ಅಲ್ಲಿ ನಿಂದಿಸಬೇಕಾದದ್ದು ತನ್ನನ್ನು. ಗುರುವಿನೆದುರು ಹೇಳಿಕೊಳ್ಳಬೇಕಾದದ್ದು ತನ್ನ ದೋಷವನ್ನು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ಓದಿದವರಿಗೆ ಪರನಿಂದೆಯೂ ಆತ್ಮಪ್ರಶಂಸೆಯೂ ಯಾವ ಕರ್ಮದ ಆಸ್ರವಕ್ಕೆ ಕಾರಣವೆಂಬುದನ್ನು ನಾನು ಹೇಳಬೇಕಾಗಿಲ್ಲ. ನನ್ನ ಒಂದೂವರೆ ಪುಟವನ್ನು ಆ ಕಣ್ಣಿನಿಂದ ಓದಿದೆ. ಅರ್ಧ ರಷ್ಯದ ನಿಂದೆ, ಅರ್ಧ ನಮ್ಮ ಪ್ರಶಂಸೆ!

ಭರತ-ಬಾಹುಬಲಿಯರ ಪ್ರಸ್ತಾಪವೂ ಅಲ್ಲಿ ಸರಿಯಾಗಿ ಕೂಡಿರಲಿಲ್ಲ. ಆದಿಪುರಾಣದ ಕಥೆಯಲ್ಲಿ ಸೈನ್ಯಗಳ ಸಂಹಾರವನ್ನು ತಪ್ಪಿಸಿದವರು ಎರಡೂ ಕಡೆಯ ಮಂತ್ರಿಗಳು. ಪ್ರತಿಯೊಬ್ಬರೂ ಹೇಳಿದ್ದು ತಮ್ಮ ತಮ್ಮ ದೊರೆಗೆ. ಅವನ ಮುನಿಸಿಗೆ ತಾವೇ ಈಡಾಗಬಹುದು ಎಂಬುದನ್ನು ಬಲ್ಲವರಾಗಿ ಹೇಳಿದ್ದು. ಬೇರೆ ಭೂಖಂಡದ ರಾಜನನ್ನು ನಮ್ಮ ಓಣಿಯಲ್ಲಿ ನಿಂತು ಬೈಯುವುದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಹೀಗಾಗಿ ಎರಡನೆಯ ಕರಡನ್ನು ಬರೆದೆ. ಅದು ಖಂಡನೆಯಿಂದ ಆರಂಭವಾಗಲಿಲ್ಲ. "ಈ ಯುದ್ಧದಿಂದ ಬೆಲೆ ಏರಿದ ಸರಕನ್ನು ಮಾರಿ ಲಾಭ ಪಡೆದ ಈ ನಗರದ ವ್ಯಾಪಾರಿಗಳಾದ ನಾವು" ಎಂದು ಆರಂಭವಾಯಿತು. ಅದನ್ನು ಮೊದಲು ತೋರಿಸಿದ್ದು ತಿಕೋಟಾದಲ್ಲಿರುವ ನನ್ನ ತಮ್ಮನಿಗೆ. ನಾನು ಹುಟ್ಟಿದ ಊರು ಅದು. ಅಥಣಿ ರಸ್ತೆಯ ಎರಡೂ ಬದಿಗೆ ದ್ರಾಕ್ಷಿಯ ಚಪ್ಪರಗಳೂ ಮಣೂಕ ಒಣಗಿಸುವ ಶೆಡ್ಡುಗಳೂ ಕಾಣಿಸತೊಡಗಿದರೆ ತಿಕೋಟಾ ಬಂತೆಂದೇ ಅರ್ಥ. ತಮ್ಮನಿಗೆ ಆ ವರ್ಷದ ಚಿಂತೆಯೇ ಬೇರೆ. ತೋಟಕ್ಕೆ ಬೇಕಾದ ಪೊಟ್ಯಾಷ್ ಗೊಬ್ಬರವನ್ನೆಲ್ಲ ನಮ್ಮ ದೇಶ ಹೊರಗಿನಿಂದಲೇ ತರಿಸುತ್ತದೆ. ರಷ್ಯ ಮತ್ತು ಬೆಲಾರೂಸ್ ಅದರ ಮುಖ್ಯ ಮೂಲಗಳಲ್ಲಿ ಸೇರಿವೆ. ಅಣ್ಣ ಯುದ್ಧದಿಂದ ಗಳಿಸಿದ, ತಮ್ಮ ಅದೇ ಯುದ್ಧದಿಂದ ಕಳೆದುಕೊಂಡ. ಕಾಗದವನ್ನು ಓದಿ ಅವನು ನಕ್ಕ. "ಅಣ್ಣಾ, ಮಾರಾವ್ರು ನೀವು ಸಹಿ ಮಾಡ್ರಿ. ಕೊಳ್ಳಾವ್ರು ನಾವು ಎಲ್ಲಿ ಮಾಡೂದು?"

ಮಂಡಳಿಯ ಹಿರಿಯರೊಬ್ಬರು ಓದಿ, ಕನ್ನಡಕ ತೆಗೆದು, "ಇದು ಠರಾವಲ್ಲರೀ, ಪ್ರತಿಕ್ರಮಣ" ಎಂದರು. ಪಾಲಿಕೆಗೆ ಕೊಡುವಂಥದ್ದಲ್ಲ ಎಂಬುದು ತಾತ್ಪರ್ಯ. ಅವರು ಮತ್ತೊಂದು ಮಾತನ್ನೂ ಹೇಳಿದರು. ಶ್ರಾವಕನಿಗೆ ದಿಗ್ವ್ರತವಿದ್ದಂತೆ ನಗರಕ್ಕೂ ಒಂದು ಎಲ್ಲೆ ಇರಬೇಕು. ಹತ್ತು ದಿಕ್ಕುಗಳಲ್ಲಿ ತಾನು ಹಾಕಿಕೊಂಡ ಮೇರೆಯೊಳಗೆ ನಡೆದುಕೊಂಡರೆ ಹೊರಗಿನ ಪಾಪ ಅಂಟುವುದಿಲ್ಲ. ಚರಂಡಿ, ದೀಪ, ನೀರು, ಸ್ಮಶಾನ, ಇವೇ ನಗರದ ಮೇರೆ ಎಂದರು. ಈ ಮಾತು ಆಗ ನನಗೆ ಬಹಳ ಒಪ್ಪಿಗೆಯಾಯಿತು. ಕಾಯಿದೆಯೂ ಹೆಚ್ಚುಕಡಿಮೆ ಹಾಗೆಯೇ ಇದೆ. ಸಂವಿಧಾನದ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಸಂಸ್ಥೆಗಳಿಗೆ ಸೂಚಿಸಿರುವುದು 18 ವಿಷಯಗಳು, ಯುದ್ಧ ಅವುಗಳಲ್ಲಿಲ್ಲ. ಮೇರೆ ದಾಟಿದ ಠರಾವಿಗೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2005ರಲ್ಲಿ ಬೆಳಗಾವಿ ಮಹಾನಗರ ಪಾಲಿಕೆ, ನಗರವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಗೊತ್ತುವಳಿ ಮಾಡಿತು; ರಾಜ್ಯ ಸರ್ಕಾರ ಆ ಪಾಲಿಕೆಯನ್ನೇ ವಿಸರ್ಜಿಸಿತು. ಆ ವಿವಾದದ ಸರಿತಪ್ಪುಗಳು ಇಲ್ಲಿ ಬೇಡ. ಒಂದು ಠರಾವಿನ ಬೆಲೆಯಾಗಿ ಒಂದು ನಗರ ತನ್ನ ಚುನಾಯಿತ ಮಂಡಳಿಯನ್ನೇ ಕಳೆದುಕೊಂಡಿತು ಎಂಬುದಷ್ಟೇ ನನಗೆ ಬೇಕಾದ ಅಂಶ.

ಎರಡು ಕಾಗದಗಳೂ ಗಲ್ಲಾಪೆಟ್ಟಿಗೆಯ ಕೆಳಗೆ ಸೇರಿದವು. ವಿಷಯ ಮುಗಿಯಿತೆಂದುಕೊಂಡೆ.

ನಮ್ಮ ಅಂಗಡಿಯ ಎದುರಿಗೆ ಗೋಣಿಚೀಲ ಮತ್ತು ಹಗ್ಗದ ವ್ಯಾಪಾರ ಮಾಡುವ ಮುಸ್ಲಿಂ ಗೆಳೆಯರೊಬ್ಬರಿದ್ದಾರೆ. ನಲವತ್ತು ವರ್ಷಗಳ ಸ್ನೇಹ. ನನ್ನ ಮೊದಲನೆಯ ಕರಡನ್ನು ಬರೆದ ವಾರದಲ್ಲಿಯೇ ಅವರಿಗೆ ಓದಿ ಹೇಳಿದ್ದೆ. "ಚಲೋ ಬರದೀರಿ" ಎಂದಿದ್ದರು. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನೊಳಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದಿತು, ನೂರಾರು ಜನರನ್ನು ಒತ್ತೆಯಾಗಿ ಒಯ್ದಿತು. ಅಕ್ಟೋಬರ್ 9ರಂದು ಇಸ್ರೇಲ್ ಗಾಜಾಕ್ಕೆ ವಿದ್ಯುತ್ತು, ಅನ್ನ, ಇಂಧನ ಯಾವುದನ್ನೂ ಬಿಡುವುದಿಲ್ಲವೆಂದು ಸಾರಿತು. ಅಲ್ಲಿಂದ ಮುಂದೆ ಅಲ್ಲಿ ಸತ್ತವರ ಸಂಖ್ಯೆ ಹತ್ತಾರು ಸಾವಿರಗಳಿಗೆ ಏರಿತು. ಆ ತಿಂಗಳ ಕೊನೆಯ ಒಂದು ಮಧ್ಯಾಹ್ನ ಗೆಳೆಯರು ಚಹಾ ಕುಡಿಯುತ್ತ ಕೇಳಿದರು:

"ಸಾಹುಕಾರ್ರ, ಆ ಕಾಗದ ಇನ್ನೂ ಐತೇನ್ರಿ? ಊರಿನ ಹೆಸರಷ್ಟ ಬದಲಿ ಮಾಡಿದ್ರ ಆತಲ್ಲ?"

"ನೋಡೋಣ ಭಾಯಿ" ಎಂದೆ.

ಅವರು ಮತ್ತೆ ಕೇಳಲಿಲ್ಲ. ಚಹಾದ ಲೋಟವನ್ನು ಇಟ್ಟು ಎದ್ದು ಹೋದರು. ಆ "ನೋಡೋಣ" ಎಂಬ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಉಕ್ರೇನಿನ ವಿಷಯದಲ್ಲಿ ಒಂದೇ ರಾತ್ರಿಯಲ್ಲಿ ಒಂದೂವರೆ ಪುಟ ಬರೆದವನಿಗೆ ಗಾಜಾದ ವಿಷಯದಲ್ಲಿ ಕೈ ಏಕೆ ಏಳಲಿಲ್ಲ? ಉತ್ತರ ಸುಲಭ, ಸುಖಕರವಲ್ಲ. ಉಕ್ರೇನಿನ ಯುದ್ಧ ನಮ್ಮ ಓಣಿಯಲ್ಲಿ ಯಾರನ್ನೂ ಬೇರೆ ಮಾಡಿರಲಿಲ್ಲ. ಇದು ಬೇರೆ ಮಾಡುತ್ತಿತ್ತು. ಮೊಬೈಲಿನಲ್ಲಿ ಬರುತ್ತಿದ್ದ ಸಂದೇಶಗಳಲ್ಲಿ ಯಾರು ಯಾರ ಪಕ್ಷ ಎಂಬ ಲೆಕ್ಕಾಚಾರ ಆರಂಭವಾಗಿತ್ತು. ನಮ್ಮ ಸಮಾಜದ ಗುಂಪಿನಲ್ಲಿಯೂ ಇಂಥವರು ಗೆಲ್ಲಬೇಕು, ಅಂಥವರಿಗೆ ಪಾಠವಾಗಬೇಕು ಎಂಬ ಮಾತುಗಳು ಬಂದವು. ದ್ವೇಷದಿಂದ ಇನ್ನೊಬ್ಬರ ವಧ-ಬಂಧನಗಳನ್ನು ಮನದಲ್ಲಿ ಬಯಸುವುದಕ್ಕೆ ಸಮಂತಭದ್ರಾಚಾರ್ಯರು ಅಪಧ್ಯಾನವೆಂದು ಹೆಸರಿಟ್ಟು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಊಟದ ತಟ್ಟೆಯ ಮುಂದೆ ದೂರದರ್ಶನ ಹಚ್ಚಿಕೊಂಡು ನಾವೆಲ್ಲ ಮಾಡುತ್ತಿದ್ದದ್ದು ಅದನ್ನೇ.

ಠರಾವು ಮಾಡಿದ ನಗರಗಳ ಅನುಭವವನ್ನೂ ನೋಡಿದೆ. ಅಮೆರಿಕದ ಶಿಕಾಗೊ ನಗರಸಭೆ 2003ರ ಜನವರಿಯಲ್ಲಿ ಇರಾಕ್ ಯುದ್ಧವನ್ನು ವಿರೋಧಿಸಿ ಗೊತ್ತುವಳಿ ಮಾಡಿದಾಗ ಪರವಾಗಿ 46 ಮತ, ವಿರೋಧವಾಗಿ ಒಂದೇ ಮತ. ತಮ್ಮದೇ ಸರ್ಕಾರ ತಮ್ಮದೇ ತೆರಿಗೆಯ ಹಣದಿಂದ ಹೂಡಲಿದ್ದ ಯುದ್ಧವದು. ಭರತನ ಮಂತ್ರಿಗಳಂತೆ ಅವರು ತಮ್ಮ ದೊರೆಗೇ ಹೇಳಿದರು. ಯುದ್ಧ ನಿಲ್ಲಲಿಲ್ಲ, ಆದರೂ ಆ ಮಾತಿಗೆ ವಿಳಾಸವಿತ್ತು. ಅದೇ ನಗರಸಭೆ 2024ರ ಜನವರಿ 31ರಂದು ಗಾಜಾದಲ್ಲಿ ಕದನವಿರಾಮ ಬೇಕೆಂಬ ಗೊತ್ತುವಳಿಯನ್ನು ಮತಕ್ಕೆ ಹಾಕಿದಾಗ ಎರಡೂ ಕಡೆ 23 ಮತಗಳಾಗಿ, ಮೇಯರ್ ತಮ್ಮ ಮತ ಹಾಕಿ 24 ಮಾಡಬೇಕಾಯಿತು. ಗದ್ದಲದಿಂದಾಗಿ ಪ್ರೇಕ್ಷಕರ ಗ್ಯಾಲರಿಯನ್ನು ತೆರವು ಮಾಡಿಸಿದ್ದರು. ಆ ನಗರದ ಅಭಿಪ್ರಾಯ ಏನೆಂದು ಅಂದು ಗೊತ್ತಾಯಿತೇ, ಅಥವಾ ಆ ನಗರದಲ್ಲಿ ಎರಡು ನಗರಗಳಿವೆಯೆಂಬುದು ಗೊತ್ತಾಯಿತೇ? ವಿಜಯಪುರದಂಥ ಊರಿನಲ್ಲಿ ಅಂಥ ಮತದಾನ ನಡೆದರೆ ನನಗೂ ನನ್ನ ಗೆಳೆಯರಿಗೂ ನಡುವಿನ ಹನ್ನೆರಡು ಅಡಿಯ ರಸ್ತೆ ಎಷ್ಟು ಅಗಲವಾದೀತೆಂದು ಯೋಚಿಸಿದೆ. ನನ್ನ ಹಿಂಜರಿಕೆಗೆ ಇದೊಂದು ಒಳ್ಳೆಯ ಕಾರಣವಾಗಿ ಒದಗಿತು. ಒಳ್ಳೆಯ ಕಾರಣಗಳು ಹಾಗೆಯೇ, ಬೇಕೆಂದಾಗ ಒದಗುತ್ತವೆ.

ಸಂಜೆ ಊರ ಪಶ್ಚಿಮದ ಕೋಟೆಗೋಡೆಯ ಕಡೆಗೆ ತಿರುಗಾಡಲು ಹೋಗುವುದು ನನ್ನ ಹಳೆಯ ಅಭ್ಯಾಸ. ಅಲ್ಲಿ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪಿದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್ನೆಂದು ಹೇಳುತ್ತಾರೆ. ಬಾಯಿಯ ಆಕಾರ ಆನೆಯನ್ನು ನುಂಗುತ್ತಿರುವ ಸಿಂಹದ್ದು. ಮಕ್ಕಳು ಅದರ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಅದರ ಮೇಲೆ ಎರಕ ಹೊಯ್ದವನ ಬರಹದ ಜೊತೆಗೆ, ವಿಜಯಪುರವನ್ನು ಗೆದ್ದ ಔರಂಗಜೇಬ ಬರೆಸಿದ ಬರಹವೂ ಇದೆ. ಗೆದ್ದವರ ಠರಾವು ತೋಪಿನ ಮೇಲೆಯೇ ಇರುತ್ತದೆ ಎಂದು ನಗು ಬಂದಿತು.

ಆ ಮುತ್ತಿಗೆ 1685ರ ಏಪ್ರಿಲಿನಲ್ಲಿ ಆರಂಭವಾಗಿ 1686ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಸುಮಾರು ಒಂದೂವರೆ ವರ್ಷ ಈ ಗೋಡೆಯ ಒಳಗೆ ಜನರಿದ್ದರು. ಹೊರಗೆ ಮೊಗಲರ ಪಾಳೆಯದಲ್ಲಿಯೂ ಧಾನ್ಯವಿಲ್ಲದೆ ಕ್ಷಾಮ ಬಿದ್ದಿತ್ತು. ಒಳಗಿನವರ ಪಾಡು ಕೇಳಬೇಕೇ? ಗೋಡೆಯ ಒಳಗಿದ್ದವರಲ್ಲಿ ಹಿಂದೂಗಳಿದ್ದರು, ಮುಸಲ್ಮಾನರಿದ್ದರು, ನಮ್ಮ ಹಿರಿಯರೂ ಇದ್ದಿರಬಹುದು. ಹಸಿವೆಗೆ ಅವರ ಪಂಗಡ ಬೇಕಾಗಿರಲಿಲ್ಲ. ಈ ಊರು ಆ ಮೇಲೆ ಎರಡು ಶತಮಾನ ಬಹುಮಟ್ಟಿಗೆ ಹಾಳುಬಿದ್ದಿತ್ತು. ಜಿಲ್ಲೆಯ ಮುಖ್ಯ ಠಾಣೆ ಕಲಾದಗಿಯಿಂದ ಇಲ್ಲಿಗೆ ಬಂದ 1885ರ ಹೊತ್ತಿಗೆ ಮತ್ತೆ ಜೀವ ಹಿಡಿಯಿತು.

ಅಲ್ಲಿ ನಿಂತಾಗ ಹಿರೋಶಿಮಾ ನೆನಪಿಗೆ ಬಂದಿತು. ಆ ನಗರದ ಮೇಯರು 1968ರಿಂದ ಜಗತ್ತಿನಲ್ಲಿ ಯಾವ ದೇಶ ಅಣುಸ್ಫೋಟ ಪರೀಕ್ಷೆ ನಡೆಸಿದರೂ ಪ್ರತಿಭಟನೆಯ ಪತ್ರ ಕಳಿಸುತ್ತ ಬಂದಿದ್ದಾರೆ. ಅಮೆರಿಕಕ್ಕೂ ಕಳಿಸಿದ್ದಾರೆ, ರಷ್ಯಕ್ಕೂ ಚೀನಕ್ಕೂ ಫ್ರಾನ್ಸಿಗೂ ಕಳಿಸಿದ್ದಾರೆ. 1998ರ ಮೇ ತಿಂಗಳಲ್ಲಿ ಮೊದಲು ನಮಗೆ, ಆಮೇಲೆ ಪಾಕಿಸ್ತಾನಕ್ಕೆ ಕಳಿಸಿದರು. ಅವರು ಎಲ್ಲ ಯುದ್ಧಗಳ ತೀರ್ಪು ಹೇಳಲು ಹೋಗುವುದಿಲ್ಲ. ತಮ್ಮ ಮೈಮೇಲೆ ಬಿದ್ದ ಒಂದೇ ವಸ್ತುವಿನ ಬಗ್ಗೆ, ಯಾರ ಕೈಯಲ್ಲಿ ಅದಿದ್ದರೂ, ಅದೇ ಮಾತನ್ನು ಹೇಳುತ್ತಾರೆ. ಒಂದು ನಗರ ಪರದೇಶಕ್ಕೆ ಮಾತನಾಡುವ ಹಕ್ಕನ್ನು ಹೇಗೆ ಪಡೆಯಬಹುದೆಂಬುದು ನನಗೆ ಅರ್ಥವಾದದ್ದು ಆಗ. ಮುತ್ತಿಗೆ ಎಂದರೇನೆಂಬುದು ವಿಜಯಪುರಕ್ಕೆ ಗೊತ್ತು. ನೀರನ್ನು ಮನೆ ಮನೆಗೆ ಮುಟ್ಟಿಸುವುದು ಹನ್ನೆರಡನೆಯ ಅನುಸೂಚಿಯ ಪ್ರಕಾರ ನಗರಸಂಸ್ಥೆಯದೇ ವಿಷಯ. ಸಾರ್ವಜನಿಕ ಆರೋಗ್ಯವೂ ಅಷ್ಟೆ. ಯುದ್ಧ ನಮ್ಮ ವಿಷಯವಲ್ಲದಿರಬಹುದು, ನಳ ನಮ್ಮ ವಿಷಯ.

ಮೂರನೆಯ ಕರಡು ಒಂದೇ ವಾಕ್ಯದ್ದು. ಯಾವ ಸೈನ್ಯವೇ ಆಗಲಿ, ಯಾವ ಕಾರಣಕ್ಕೇ ಆಗಲಿ, ಯಾವ ಊರಿನ ಜನರಿಗೂ ನೀರು ಮತ್ತು ಅನ್ನವನ್ನು ತಡೆಯಬಾರದು ಎಂದು, ಮುತ್ತಿಗೆಯಲ್ಲಿ ನರಳಿದ ಈ ನಗರ ಕೇಳಿಕೊಳ್ಳುತ್ತದೆ. "ಖಂಡಿಸುತ್ತದೆ" ಎಂದಿರಲಿಲ್ಲ. ಮಾರಿಯುಪೋಲ್ ಎಂಬ ಹೆಸರಿರಲಿಲ್ಲ, ಗಾಜಾ ಎಂಬ ಹೆಸರೂ ಇರಲಿಲ್ಲ. 872 ದಿನ ಮುತ್ತಿಗೆಯಲ್ಲಿದ್ದ ಲೆನಿನ್‌ಗ್ರಾಡಿಗೂ, ನಮ್ಮ ಕಾಲದಲ್ಲಿಯೇ ಸುಮಾರು ನಾಲ್ಕು ವರ್ಷ ಮುತ್ತಿಗೆಯಲ್ಲಿದ್ದ ಸರಾಯೆವೊಗೂ ಅದು ಹೊಂದುತ್ತದೆ. ಇಂದು ಸೀಸೆಯ ನೀರಿಗೆ ಕಾಯುತ್ತಿರುವ ಊರಿನ ಸೈನಿಕರೇ ನಾಳೆ ಮತ್ತೊಂದು ಊರನ್ನು ಮುತ್ತಿದರೆ ಆಗಲೂ ಹೊಂದುತ್ತದೆ.

ರಸ್ತೆ ದಾಟಿ ಹೋಗಿ ಗೆಳೆಯರಿಗೆ ಓದಿ ಹೇಳಿದೆ. ನಾನು ಬರಲು ಎಷ್ಟು ತಿಂಗಳು ತಡಮಾಡಿದೆನೆಂಬುದನ್ನು ಅವರು ಎತ್ತಲಿಲ್ಲ. ಎರಡು ಸಲ ಓದಿಸಿ, "ಔಷಧ ಬಿಟ್ಟೀರಿ" ಎಂದರು. ಅವರ ಹೆಂಡತಿಗೆ ಡಯಾಲಿಸಿಸ್ ನಡೆದಿತ್ತು. ಸೇರಿಸಿದೆ. ಹೆಸರು ಹಾಕಿಲ್ಲವಲ್ಲ ಎಂಬ ಅಸಮಾಧಾನ ಅವರ ಮುಖದಲ್ಲಿ ಕಾಣಿಸಿತು, ನ್ಯಾಯವಾದ ಅಸಮಾಧಾನವೇ. ಹೆಸರಿಲ್ಲದ ಮಾತು ಎಲ್ಲರಿಗೂ ಒಪ್ಪಿಗೆಯಾಗುವುದು ಯಾರನ್ನೂ ಚುಚ್ಚದ ಕಾರಣದಿಂದಲೂ ಇರಬಹುದು. ಈ ಸಂಶಯ ನನಗೆ ಇನ್ನೂ ಪೂರ್ತಿ ಹೋಗಿಲ್ಲ. ಆದರೂ ಅವರು, "ಉರ್ದುದಾಗೂ ಒಂದು ಬರಸ್ರಿ, ನಾನೂ ಸಹಿ ಹಾಕ್ತೀನಿ" ಎಂದರು.

ಮಂಡಳಿಯ ಹಿರಿಯರು ಮತ್ತೆ ದಿಗ್ವ್ರತದ ಮಾತನ್ನೇ ಹೇಳಿದರು. ಮನೆಗೆ ಬಂದು ಅದನ್ನು ಕಾಲೇಜಿನಲ್ಲಿ ಓದುವ ಮೊಮ್ಮಗಳ ಮುಂದೆ ಹೇಳಿದೆ. ಅವಳು ಮೂರೂ ಕರಡುಗಳನ್ನು ಕೇಳಿ ತೆಗೆದುಕೊಂಡು ಓದಿದಳು. ಬಹಳ ಹೊತ್ತು ಸುಮ್ಮನಿದ್ದು, "ಅಜ್ಜಾ, ಎಣ್ಣಿ ತರಿಸುವಾಗ ಇಲ್ಲದ ದಿಗ್ವ್ರತ ಮಾತಾಡುವಾಗಷ್ಟ ಯಾಕ?" ಎಂದಳು.

ದಿಗ್ವ್ರತದ ಅರ್ಥವನ್ನು ನಾನು ತಲೆಕೆಳಗಾಗಿ ಹಿಡಿದಿದ್ದೆ. ಶ್ರಾವಕನು ದಿಕ್ಕುಗಳಿಗೆ ಮೇರೆ ಹಾಕಿಕೊಳ್ಳುವುದು ತನ್ನ ವ್ಯವಹಾರಕ್ಕೆ, ತನ್ನ ಲೋಭಕ್ಕೆ. ಕರುಣೆಗೆ ಮೇರೆ ಹಾಕಬೇಕೆಂದು ಯಾವ ಆಚಾರ್ಯರೂ ಹೇಳಿಲ್ಲ. ಕಪ್ಪು ಸಮುದ್ರದ ಬಂದರಿನಿಂದ ನನ್ನ ಗೋದಾಮಿನವರೆಗೆ ಎಣ್ಣೆ ಬರಬಹುದಾದರೆ, ನನ್ನ ಗೋದಾಮಿನಿಂದ ಅಲ್ಲಿಯವರೆಗೆ ಒಂದು ವಾಕ್ಯ ಹೋಗಬಾರದೇ?

ಪಾಲಿಕೆಗೆ ಚುನಾಯಿತ ಸದಸ್ಯರು ಬಂದ ಬಳಿಕ ಕೇಳುವುದಕ್ಕೆ ವಿಳಾಸವಂತೂ ಆಯಿತು. ಮನವಿಯನ್ನು ಪುರಸ್ಕರಿಸುವುದು, ಬಿಡುವುದು ಅವರಿಗೆ ಸೇರಿದ್ದು. ರಾಜ್ಯ ಸರ್ಕಾರಕ್ಕೆ ಪಾಲಿಕೆಯ ಠರಾವನ್ನು ರದ್ದುಪಡಿಸುವ ಅಧಿಕಾರವೂ ಉಂಟು. ಯಾವ ದೇಶ ಸರಿ, ಯಾವುದು ತಪ್ಪು ಎಂಬ ತೀರ್ಪನ್ನು ಅವರಿಂದ ಕೇಳುವುದು ಬೇಡವೆಂಬುದರಲ್ಲಿ ನಾನು ಈಗಲೂ ಗಟ್ಟಿಯಾಗಿದ್ದೇನೆ. ನೀರು, ಅನ್ನ, ಔಷಧಗಳ ಒಂದು ವಾಕ್ಯವನ್ನು ಕೇಳಬಹುದು. ಬಬಲೇಶ್ವರದ ಅಕ್ಕನಿಗೂ ಓದಿ ಹೇಳಿದೆ. ಯಾರಿಗೆ ಬರೆದೀ ಎಂದು ಈ ಸಲ ಅವಳು ಕೇಳಲಿಲ್ಲ. "ನಳದ ಮಾತು ಹಾಕೀದಿ, ಚಲೋ ಆತು" ಎಂದಳು.

ಕಾಗದವನ್ನು ಮೊಮ್ಮಗಳು ಕಂಪ್ಯೂಟರಿನಲ್ಲಿ ಅಚ್ಚು ಮಾಡಿ ತಂದಿದ್ದಾಳೆ. ಕೆಳಗೆ ಸಹಿಗಳಿಗೆ ಸ್ಥಳ ಬಿಟ್ಟಿದ್ದಾಳೆ. ಎಡಕ್ಕೆ ಮಾರುವವರು, ಬಲಕ್ಕೆ ಕೊಳ್ಳುವವರು. ಎರಡನೆಯ ಕರಡಿನ ಎಣ್ಣೆಯ ಸಾಲನ್ನು ನಾನು ಬೇಡವೆಂದಿದ್ದೆ. ಅವಳು ಅದನ್ನೇ ಎಲ್ಲಕ್ಕಿಂತ ಮೊದಲು ಇಟ್ಟಿದ್ದಾಳೆ. ಮಂಡಳಿಯ ಸಭೆ ಬರುವ ಭಾನುವಾರ ಆರತಿಯ ನಂತರ ಇದೆ.